ಕೊಟ್ಟಿಗೆಯ ಜಾವಾವನ್ನು ತೂಕಕ್ಕೆ ಹಾಕಬೇಡಿ

ಹೊಸಕೋಟೆಯಿಂದ ಕೃಷ್ಣರಾಜಪುರದ ತನಕ ಇರುವ ಹಳ್ಳಿಗಳಲ್ಲಿ ಕೆಲವು ವರ್ಷದಿಂದ ಒಂದು ವ್ಯಾಪಾರ ನಡೆಯುತ್ತಿದೆ. ಮೊದಲು ಹಳೇ ಕಬ್ಬಿಣ, ಹಳೇ ಪೇಪರ್ ಅಂತ ಕೂಗಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಈಗಿನವರು ಕೂಗುವುದಿಲ್ಲ. ಕಾರಿನಲ್ಲಿ ಬರುತ್ತಾರೆ, ಜಗುಲಿ ಮೇಲೆ ಕೂತು ನೀರು ಕೇಳುತ್ತಾರೆ, ಮಳೆ ಬೆಳೆ ವಿಚಾರ ಮಾತಾಡುತ್ತಾರೆ. ಆಮೇಲೆ, "ಯಜಮಾನ್ರೇ, ಕೊಟ್ಟಿಗೇಲಿ ಹಳೇ ಗಾಡಿ ಏನಾದ್ರೂ ಬಿದ್ದೈತಾ? ಜಾವಾ, ಯೆಜ್ಡಿ, ಬುಲೆಟ್ಟು, ರಾಜದೂತ್ ಯಾವ್ದಾದ್ರೂ ಸರಿ" ಅನ್ನುತ್ತಾರೆ.

ರಾಗಿಹುಲ್ಲಿನ ಪಕ್ಕ ಟಾರ್ಪಾಲು ಎತ್ತಿ ನೋಡಿ, ಮುಖ ಕಿವುಚಿ, "ಪೂರಾ ತುಕ್ಕು. ತೂಕಕ್ಕೇ ಹಾಕ್ಬೇಕು" ಅಂತ ಹೇಳಿ ಮೂರೋ ನಾಲ್ಕೋ ಸಾವಿರ ಎಣಿಸುತ್ತಾರೆ. ಮನೆಯವರಿಗೂ ಜಾಗ ಖಾಲಿಯಾದರೆ ಸಾಕು. ಹೊರಡುವಾಗ ಮಾತ್ರ ಒಂದು ಮಾತು ಕೇಳುವುದನ್ನು ಮರೆಯುವುದಿಲ್ಲ: "ಆರ್.ಸಿ. ಪುಸ್ತಕ ಐತಲ್ವಾ?"

ಬರೀ ಕಬ್ಬಿಣವಾದರೆ ಅದಕ್ಕೆ ಪುಸ್ತಕ ಯಾಕೆ ಬೇಕು? ಈ ಪ್ರಶ್ನೆಯನ್ನು ನಮ್ಮವರು ಕೇಳಿಕೊಳ್ಳಬೇಕು ಅನ್ನುವುದಕ್ಕೇ ಈ ಲೇಖನ.

ನಮ್ಮ ಮನೆಯಲ್ಲಿದ್ದದ್ದು 1972ರ ಜಾವಾ. ಮೈಸೂರು ರಾಜ್ಯ ಅಂತಿದ್ದ ಕಾಲದ 'ಎಂವೈ' ನಂಬರು. ನಮ್ಮ ತಂದೆ ಯಾರದೋ ಕೈಯಿಂದ ಕೊಂಡು ಹದಿನೆಂಟು ವರ್ಷ ಓಡಿಸಿದರು. ಅವರಾದ ಮೇಲೆ ಸುಮಾರು ಇಪ್ಪತ್ತೈದು ವರ್ಷ ಅದು ನಿಂತಲ್ಲೇ ನಿಂತಿತ್ತು. ಈಗ ಓಡುತ್ತಿದೆ. ಹಾಗೆ ಓಡಿಸುವುದರಲ್ಲಿ ಕಂಡದ್ದನ್ನೂ ನನಗೆ ಅನ್ನಿಸಿದ್ದನ್ನೂ ಬರೆಯುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಪಂಪ್‌ಸೆಟ್ಟು ಬಿಚ್ಚಿ ಕಟ್ಟಿ ಅಭ್ಯಾಸ, ಅಷ್ಟೇ.

ಇದು ನಮ್ಮದೇ ಗಾಡಿ

ಜಾವಾ ಮೂಲದಲ್ಲಿ ಚೆಕ್ ದೇಶದ್ದು. 1929ರಲ್ಲಿ ಜಾನೆಚೆಕ್ ಅನ್ನುವವರು ವಾಂಡರರ್ ಅನ್ನುವ ಜರ್ಮನ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡು ಶುರು ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿ ಜಾ-ವಾ. ನಮ್ಮಲ್ಲಿ ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಯಾದವಗಿರಿಯ ಆ ಕಾರ್ಖಾನೆಯಿಂದ 1961ರಲ್ಲಿ ಗಾಡಿ ಹೊರಬರಲು ಆರಂಭವಾಯಿತು. 1973ರಿಂದ ಯೆಜ್ಡಿ ಅನ್ನುವ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಬಾಗಿಲು ಹಾಕಿತು. 1980ರ ದಶಕದಲ್ಲಿ ಜಪಾನಿನವರ ಜೊತೆ ಸೇರಿ ಮಾಡಿದ 100 ಸಿ.ಸಿ. ಗಾಡಿಗಳು ಬಂದವು. ಲೀಟರಿಗೆ ನಮ್ಮ ಗಾಡಿಯ ಎರಡರಷ್ಟು ಓಡುವ ಅವುಗಳ ಮುಂದೆ, ಮೇಲಿಂದ ಹೊಗೆಯ ಕಾನೂನೂ ಬಂದ ಮೇಲೆ, 250 ಸಿ.ಸಿ. ಟೂ ಸ್ಟ್ರೋಕ್ ನಿಲ್ಲಲಾಗಲಿಲ್ಲ. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನಲ್ಲಿ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿ ಬಿಟ್ಟಿತು. ಅವು ಫೋರ್ ಸ್ಟ್ರೋಕ್. ಹೆಸರು ಒಂದೇ, ಒಳಗಿನದು ಬೇರೆ. ಹಳೇದರ ಒಂದು ಬೋಲ್ಟೂ ಅದಕ್ಕೆ ಹೊಂದದು.

ಅಂದರೆ ಹಳೇ ಗಾಡಿ ಇನ್ನು ಯಾರೂ ತಯಾರು ಮಾಡುವುದಿಲ್ಲ. ಕಾರಿನಲ್ಲಿ ಬರುವವರಿಗೆ ಈ ಲೆಕ್ಕ ಗೊತ್ತು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ ದಿನ ಆಚರಿಸುತ್ತಾರೆ. ಒಂದು ಸಲ ಹೋಗಿ ನೋಡಿ ಬನ್ನಿ. ಕನ್ನಡಿಯ ಹಾಗೆ ಹೊಳೆಯುವ ಗಾಡಿಗಳ ಪಕ್ಕ ನಿಂತವರ ಮಾತಿಗೆ ಕಿವಿ ಕೊಟ್ಟರೆ ಮೂರು ಸಾವಿರದ ತುಕ್ಕಿಗೆ ಎಷ್ಟು ಬೆಲೆ ಅಂತ ತಾನಾಗಿಯೇ ತಿಳಿಯುತ್ತದೆ.

ನಮ್ಮ ಕಡೆಯೇ ಇವು ಹೆಚ್ಚು ಉಳಿದಿರುವುದಕ್ಕೆ ಕಾರಣವಿದೆ. ಬೆಂಗಳೂರು ದಂಡಿನ ಪ್ರದೇಶ 1809ರಲ್ಲಿ ಹುಟ್ಟಿದ್ದು. ದಂಡು ಇದ್ದಲ್ಲಿ ಮೋಟಾರು, ಮೋಟಾರು ಇದ್ದಲ್ಲಿ ರಿಪೇರಿ. ಹಲಸೂರಿನ ಮದ್ರಾಸ್ ಎಂಜಿನಿಯರ್ ದಳದ ಸುತ್ತಮುತ್ತ, ಶಿವಾಜಿನಗರದ ರಸೆಲ್ ಮಾರ್ಕೆಟ್‌ನ ಹಿಂದುಮುಂದಿನ ಬೀದಿಗಳಲ್ಲಿ ಗ್ಯಾರೇಜು, ಗುಜರಿ, ಲೇತು ಬೆಳೆದವು. ಹಳೇ ಮದ್ರಾಸು ರಸ್ತೆ ಹಿಡಿದು ಹೊಸಕೋಟೆ, ಕೋಲಾರ, ಮುಳಬಾಗಿಲು ಕಡೆಯವರೆಲ್ಲ ಗಾಡಿ ರಿಪೇರಿಗೆ ಅಲ್ಲಿಗೇ ಹೋಗುತ್ತಿದ್ದರು. ನಾವು ಕೃಷ್ಣರಾಜಪುರದ ಸಂತೆಗೆ ಅವರೆಕಾಯಿ ಹಾಕಿ, ಅಲ್ಲಿಂದ ಹಲಸೂರಿಗೆ ಹೋಗಿ ಪ್ಲಗ್ಗು, ಕ್ಲಚ್ ವೈರು ತರುತ್ತಿದ್ದೆವು. ಸಂತೆ ಮತ್ತು ಗ್ಯಾರೇಜು ಒಂದೇ ಪ್ರಯಾಣ.

ಸುತ್ತಿಗೆ ಕೆಳಗಿಡಿ

ಇಪ್ಪತ್ತೈದು ವರ್ಷ ನಿಂತ ಗಾಡಿಯನ್ನು ಕಂಡ ಕೂಡಲೇ ಎಲ್ಲರೂ ಮಾಡುವುದು ಕಿಕ್ ಹೊಡೆಯುವುದು. ಜಾವಾದಲ್ಲಿ ಗೇರಿನ ಕಡ್ಡಿಯೇ ಕಿಕ್ಕರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರಾಗುತ್ತದೆ. ಪಿಸ್ಟನ್ ಹಿಡಿದುಕೊಂಡಿದ್ದಾಗ ಅದರ ಮೇಲೆ ಹತ್ತಿ ಕುಣಿದರೆ ಒಳಗಿನ ಹಲ್ಲು ಹೋಗುತ್ತದೆ. ಐನೂರು ರೂಪಾಯಿನ ಕೆಲಸ ಐದು ಸಾವಿರಕ್ಕೆ ಬರುತ್ತದೆ.

ಶಿವಾಜಿನಗರದ ಒಬ್ಬ ಹಿರಿಯ ಮೇಸ್ತ್ರಿ ನನಗೆ ಹೇಳಿದ್ದು ಇಷ್ಟು: "ಹೊಡೀಬೇಡಿ ಗೌಡ್ರೆ. ಎಣ್ಣೆ ಕುಡಿಸಿ, ಕಾಯಿರಿ." ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹೊಯ್ದೆವು. ಇಳಿದು ಹೋದಂತೆ ಮತ್ತೆ ಹೊಯ್ಯುವುದು. ಗೇರು ಹಾಕಿ ಹಿಂದಿನ ಚಕ್ರ ಹಿಡಿದು ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ಅಲುಗಿಸುವುದು. ಹದಿನೊಂದನೇ ದಿವಸ ಒಂದು ನೂಲಿನಷ್ಟು ಅಲುಗಿತು. ಆಮೇಲೆ ತಾನಾಗಿ ಬಂತು.

ಸೈಲೆನ್ಸರು ಬಿಚ್ಚಿದರೆ ಒಂದರಲ್ಲಿ ಇಲಿಗೂಡು, ಇನ್ನೊಂದರಲ್ಲಿ ಕಣಜದ ಮಣ್ಣುಗೂಡು. ಕಾರ್ಬೊರೇಟರಿನ ಬಾಯಲ್ಲೂ ಮಣ್ಣು. ಇದನ್ನು ನೋಡದೆ ಸ್ಟಾರ್ಟ್ ಮಾಡಿದರೆ ಆ ಮಣ್ಣೆಲ್ಲ ಸಿಲಿಂಡರಿಗೆ. ಎಷ್ಟೇ ಆತುರವಿದ್ದರೂ ಗಾಳಿ ಬರುವ ದಾರಿ, ಹೋಗುವ ದಾರಿ ಎರಡನ್ನೂ ಮೊದಲು ತೆರವು ಮಾಡಬೇಕು.

ಟ್ಯಾಂಕಿನ ತುಕ್ಕಿಗೆ ಪೇಟೆಯಲ್ಲಿ ದುಬಾರಿ ಔಷಧ ಮಾರುತ್ತಾರೆ. ಹುಣಸೇಹಣ್ಣು ಯಾರ ಮನೆಯಲ್ಲಿಲ್ಲ? ದಪ್ಪಗೆ ಕಿವುಚಿ, ಸೋಸಿ, ಬಿಸಿ ಮಾಡಿ ಟ್ಯಾಂಕಿಗೆ ತುಂಬಿ ಎರಡು ದಿವಸ ಬಿಟ್ಟೆವು. ಚೆಲ್ಲಿ, ಒಂದು ಬೊಗಸೆ ಹಳೇ ನಟ್ಟು ಹಾಕಿ ಕುಲುಕಿದೆವು. ಕೊನೆಗೆ ಬಟ್ಟೆ ಸೋಡಾ ನೀರು. ಇದನ್ನು ಬಿಡಬೇಡಿ, ಹುಳಿ ಉಳಿದರೆ ತಗಡನ್ನೇ ತಿನ್ನುತ್ತದೆ. ಬಿಸಿಲಲ್ಲಿ ಒಣಗಿದ ಕೂಡಲೇ ಆಯಿಲ್ ಬೆರೆಸಿದ ಪೆಟ್ರೋಲ್ ಒಳಗೆಲ್ಲ ಸವರಿ ಹೋಗುವಂತೆ ಹಾಕಬೇಕು. ತಡ ಮಾಡಿದರೆ ಮತ್ತೆ ಅದೇ ತುಕ್ಕು.

ಕಿಡಿ ಬರುವುದಕ್ಕೆ ಪಾಯಿಂಟು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಸಂದು 0.4 ಮಿ.ಮೀ. ಇಟ್ಟು, ಕಂಡೆನ್ಸರ್ ಬದಲಾಯಿಸಿದರೆ ಮುಕ್ಕಾಲು ಪಾಲು ಮುಗಿಯಿತು. ಬ್ಯಾಟರಿ 6 ವೋಲ್ಟಿನದು ಹೊಸದು ತಂದೆವು.

ಇಷ್ಟಾದ ಮೇಲೆ ಗಾಡಿ ಸ್ಟಾರ್ಟ್ ಆಗುತ್ತದೆ. ಆಗಿಬಿಟ್ಟಿತು ಅಂತ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಒಂದು ತಿಂಗಳಿಗೆ ಪಿಸ್ಟನ್ ಸುಟ್ಟು ಹಿಡಿದುಕೊಳ್ಳುತ್ತದೆ. "ಹಳೇ ಗಾಡಿ ಅಂದ್ರೆ ಹೀಗೇ" ಅಂತ ಮತ್ತೆ ಟಾರ್ಪಾಲು ಮುಚ್ಚುತ್ತಾರೆ. ಇದಕ್ಕೆ ಕಾರಣ ಕ್ರ್ಯಾಂಕಿನ ಎರಡು ಪಕ್ಕದ ಆಯಿಲ್ ಸೀಲು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿ ಮೊದಲು ಕ್ರ್ಯಾಂಕ್ ಪೆಟ್ಟಿಗೆಗೆ ಬಂದು, ಅಲ್ಲಿಂದ ಒತ್ತಡದಲ್ಲಿ ಮೇಲೆ ಹೋಗಬೇಕು. ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ಎಳೆಯುತ್ತದೆ. ಸಕ್ಷನ್ ಪೈಪಿನಲ್ಲಿ ಗಾಳಿ ಎಳೆದರೆ ನಮ್ಮ ಪಂಪು ನೀರೆತ್ತುತ್ತದೆಯೇ? ಅದೇ ಇಲ್ಲಿಯೂ. ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ. ಪೆಟ್ರೋಲಿನ ಜೊತೆ ಬರಬೇಕಾದ ಆಯಿಲೂ ಕಡಿಮೆ. ಎಂಜಿನ್ ಕಾದು ಹಿಡಿಯುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಗೇರಿನ ಆಯಿಲ್ ಕುಡಿದು ಬಿಳಿ ಹೊಗೆ ಕಾರುತ್ತದೆ. ಸೀಲು ಹೆಚ್ಚು ದುಡ್ಡಿನದಲ್ಲ, ಆದರೆ ಬಿಚ್ಚುವ ಕೆಲಸ ದೊಡ್ಡದು. ಹೇಗೂ ಬಿಚ್ಚಿದ್ದೇವೆ ಅಂತ ಕ್ರ್ಯಾಂಕ್ ಬೇರಿಂಗೂ ಹಾಕಿಸಿದೆವು, ಸಿಲಿಂಡರ್ ಬೋರು ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಕೂರಿಸಿದೆವು. ಕ್ಲಚ್ ಪ್ಲೇಟಿನಲ್ಲಿ ಬಿರಡೆಯ ಬಿಲ್ಲೆಗಳಿರುತ್ತವೆ. ಅವು ಒಣಗಿ ಉದುರಿದ್ದವು, ಹೊಸ ಪ್ಲೇಟು ಸಿಕ್ಕಿತು. ಬಿಡಿಭಾಗ ಸಿಗುವುದಿಲ್ಲ ಅನ್ನುವುದು ಸುಳ್ಳು. ಶಿವಾಜಿನಗರ ಬಿಟ್ಟರೆ ಜೆ.ಸಿ. ರಸ್ತೆ, ಅಲ್ಲಿಯೂ ಇಲ್ಲದ್ದಕ್ಕೆ ಮೈಸೂರು.

ಟೈರು, ಟ್ಯೂಬು, ಬ್ರೇಕ್ ಲೈನಿಂಗು, ಎಲ್ಲ ಕೇಬಲ್ಲು ಕಣ್ಣು ಮುಚ್ಚಿ ಬದಲಾಯಿಸಿ. ಹಳೇ ಟೈರಿನಲ್ಲಿ ಗುಂಡಿ ಚೆನ್ನಾಗಿ ಕಾಣುತ್ತದೆ, ಆದರೆ ಪಕ್ಕ ಬಿರಿದಿರುತ್ತದೆ. ಓಡುವುದಕ್ಕಿಂತ ನಿಲ್ಲುವುದು ಮುಖ್ಯ.

ಎಲ್ಲ ಸೇರಿ ನನಗೆ 28 ಸಾವಿರ ಆಯಿತು. ಎರಡು ವರ್ಷದ ಹುರುಳಿ ದುಡ್ಡು ಅದರಲ್ಲಿ ಹೋಯಿತು. ಮನೆಯವಳು ಇವತ್ತಿಗೂ ಲೆಕ್ಕ ಕೇಳುತ್ತಾಳೆ.

ಹೊಳಪಿಗೆ ದುಡ್ಡು ಯಾಕೆ?

ಇಲ್ಲಿ ನನ್ನ ಅಭಿಪ್ರಾಯ ಬೇರೆಯವರಿಗೆ ಹಿಡಿಸಲಿಕ್ಕಿಲ್ಲ. ಹಳೇ ಗಾಡಿ ಎಬ್ಬಿಸುವುದು ಅಂದರೆ ಈಗ ಪೇಟೆಯಲ್ಲಿ ಪೂರ್ತಿ ಕೆರೆದು, ಹೊಸ ಬಣ್ಣ ಹೊಡೆದು, ಟ್ಯಾಂಕಿಗೆ ಕ್ರೋಮ್ ಹಾಕಿಸಿ, ಚಿನ್ನದ ಗೆರೆ ಎಳೆಸುವುದು ಅಂತಾಗಿದೆ. ಅದಕ್ಕೆ ಎಂಜಿನ್ನಿಗಿಂತ ಹೆಚ್ಚು ಖರ್ಚು. ಮಾಡಿಸಿದ ಮೇಲೆ ಅದರ ಮೇಲೆ ಹುಲ್ಲಿನ ಹೊರೆ ಹಾಕಲು ಮನಸ್ಸು ಬರುತ್ತದೆಯೇ? ಮಳೆಯಲ್ಲಿ ಹೊರಗೆ ತೆಗೆಯಲು ಮನಸ್ಸು ಬರುತ್ತದೆಯೇ? ಅದು ಮತ್ತೆ ನಿಲ್ಲುತ್ತದೆ. ಮೊದಲು ಟಾರ್ಪಾಲಿನ ಕೆಳಗೆ ನಿಂತಿತ್ತು, ಈಗ ರೇಷ್ಮೆ ಬಟ್ಟೆಯ ಕೆಳಗೆ. ನಿಂತ ಗಾಡಿ ನಿಂತದ್ದೇ.

ನಮ್ಮ ಗಾಡಿಯ ಬಣ್ಣ ಮುಟ್ಟಿಲ್ಲ. ಟ್ಯಾಂಕಿನ ಎಡಗಡೆ ನಮ್ಮ ತಂದೆಯವರ ಮೊಣಕಾಲು ತಾಗಿ ತಾಗಿ ಮರೂನ್ ಹೋಗಿ ತಗಡು ಕಾಣುತ್ತದೆ. ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ. ಒಬ್ಬ ಕೊಳ್ಳುವವನು ಬಂದು ನೋಡಿ "ಪೇಂಟ್ ಮಾಡ್ಸಿದ್ರೆ ರೇಟು ಬರ್ತದೆ" ಅಂದ. ಇನ್ನೊಬ್ಬ ಬಂದು "ಮೂಲ ಬಣ್ಣ ಹಾಗೇ ಇರೋದಕ್ಕೇ ರೇಟು ಜಾಸ್ತಿ" ಅಂದ. ಇಬ್ಬರಿಗೂ ಕಾಫಿ ಕೊಟ್ಟು ಕಳಿಸಿದೆ.

ಹಾಗಂತ ಸುಳ್ಳು ಹೇಳಬಾರದು. ಇದು ಲಾಭದ ಕೆಲಸವಲ್ಲ. ಲೀಟರಿಗೆ 30ರ ಆಸುಪಾಸು ಓಡುತ್ತದೆ. ಪ್ರತಿ ಲೀಟರಿಗೆ 40 ಮಿಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ಹೊಗೆ ಬರುತ್ತದೆ, ಅದು ಒಳ್ಳೆಯ ಹೊಗೆ ಅಂತ ನಾನು ವಾದಿಸುವುದಿಲ್ಲ. ದಿನಾ ಡೇರಿಗೆ ಹಾಲು ಹಾಕುವವನಿಗೆ ಒಂದು ಎಕ್ಸೆಲ್ ಸಾಕು, ಅದೇ ಬುದ್ಧಿವಂತಿಕೆ. 6 ವೋಲ್ಟಿನ ದೀಪದಲ್ಲಿ ರಾತ್ರಿ ಹಳೇ ಮದ್ರಾಸು ರಸ್ತೆಗೆ ಇಳಿಯಬಾರದು. ಲಾರಿಯವನಿಗೆ ನಾವು ಕಾಣುವುದೇ ಇಲ್ಲ. ನಾನು ಹೊಲ, ಊರು, ಹೋಬಳಿ ಸಂತೆ ಇಷ್ಟರಲ್ಲೇ ಓಡಿಸುತ್ತೇನೆ. ಹಾಗಿದ್ದರೆ ಯಾಕೆ ಅಂದರೆ, ಕೆಟ್ಟರೆ ನನ್ನ ಕೈಯಲ್ಲೇ ಸರಿಯಾಗುತ್ತದೆ. ಒಂದು ಸ್ಕ್ರೂಡ್ರೈವರು, ಎರಡು ಮೂರು ಸ್ಪಾನರು. ಮಗನ ಹೊಸ ಗಾಡಿ ಕೆಟ್ಟಾಗ ಕಂಪ್ಯೂಟರ್ ಇರುವ ಶೋರೂಮಿಗೇ ಹೊತ್ತುಕೊಂಡು ಹೋಗಬೇಕು, ಅವರು ಹೇಳಿದ ಬಿಲ್ಲು ಕೊಡಬೇಕು. ಬೀಜಕ್ಕೆ ಅಂಗಡಿ, ಗೊಬ್ಬರಕ್ಕೆ ಅಂಗಡಿ ಅಂತ ಆಗಿರುವ ನಮಗೆ ಕೈಯಲ್ಲಿ ಬಿಚ್ಚಿ ಕಟ್ಟುವ ಒಂದಾದರೂ ಯಂತ್ರ ಮನೆಯಲ್ಲಿ ಇರಲಿ ಅಂತ ನನ್ನ ಆಸೆ.

ನಿಂತದ್ದಕ್ಕೂ ದಂಡ

ಎಂಜಿನ್ನಿಗೆ ಎರಡು ತಿಂಗಳು ಹಿಡಿಯಿತು. ಕಾಗದಕ್ಕೆ ಏಳು ತಿಂಗಳು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಮೋಟಾರ್‌ಸೈಕಲ್ಲಿಗೆ ಆ ಶುಲ್ಕ 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಸಾವಿರವಾಯಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ ಎರಡು ಸಾವಿರ ಮಾಡಿದರು. ಅದಾದರೂ ಕಟ್ಟಬಹುದು. 2022ರಿಂದ ಬಂದ ಇನ್ನೊಂದು ನಿಯಮ ನೋಡಿ: ನವೀಕರಣ ತಡವಾದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಅಂದರೆ ವರ್ಷಕ್ಕೆ 3,600. ಕೊಟ್ಟಿಗೆ ಬಿಟ್ಟು ಒಂದು ಗಜ ಅಲುಗದ ಗಾಡಿ ಯಾವ ರಸ್ತೆ ಸವೆಸಿತು, ಯಾವ ಹೊಗೆ ಬಿಟ್ಟಿತು? ಬೀಳುಬಿಟ್ಟ ಹೊಲಕ್ಕೆ ದಂಡ ಹಾಕಿದ ಹಾಗಾಯಿತು ಇದು. ಪೇಟೆಯಲ್ಲಿ ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡುವ ಗಾಡಿಗೂ ನಮ್ಮೂರಲ್ಲಿ ಸಾವಿರ ಓಡುವ ಗಾಡಿಗೂ ಒಂದೇ ವಯಸ್ಸು ಲೆಕ್ಕ. ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತೇವೆ, ಆದರೆ ಉಳುವ ಶಕ್ತಿಯನ್ನು ನೊಗ ಹೂಡಿಯೇ ನೋಡುತ್ತೇವೆ. ಗಾಡಿಯನ್ನೂ ತಪಾಸಣೆ ಮಾಡಿ, ಬ್ರೇಕು, ಹೊಗೆ, ಚಾಸಿ ನೋಡಿ ಸರಿಯಿದ್ದರೆ ಬಿಡಲಿ, ಇಲ್ಲದಿದ್ದರೆ ತಡೆಯಲಿ. ನಿಂತಿದ್ದ ತಿಂಗಳಿಗೆ ಹಣ ಕೇಳುವುದು ನ್ಯಾಯವಲ್ಲ.

ಐವತ್ತು ವರ್ಷ ದಾಟಿದ ಗಾಡಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ಅಂತ ತಂದಿತು. 'ವಿಎ' ಅಕ್ಷರದ ನಂಬರು, ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷಕ್ಕೆ. ಮರ್ಯಾದೆ ಕೊಟ್ಟಿದ್ದಾರೆ ಅಂತ ಸಂತೋಷಪಟ್ಟು ಮುಂದೆ ಓದಿದರೆ, ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲಿಕ್ಕೆ, ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆಗೆ ಇಲ್ಲ. ಇದು ಗ್ಯಾರೇಜಿನಲ್ಲಿ ನಾಲ್ಕು ಕಾರು ಇರುವವರಿಗೆ ಮಾಡಿದ ಕಾನೂನು. ಹಳೇ ಗಾಡಿಯನ್ನು ಬಿಡದೆ ಕೆಲಸಕ್ಕೆ ಓಡಿಸಿ ಉಳಿಸಿಕೊಂಡು ಬಂದದ್ದು ರೈತರು, ಹಾಲಿನವರು, ಮೇಸ್ತ್ರಿಗಳು. ಅವರಿಗೆ ಇದರಲ್ಲಿ ಜಾಗವಿಲ್ಲ. ನಾನು ಆ ದಾರಿಗೆ ಹೋಗದೆ ಮಾಮೂಲಿ ನವೀಕರಣವನ್ನೇ ಮಾಡಿಸಿದೆ.

ಗಾಡಿ ತೀರಿಹೋದವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು 31ನೇ ನಮೂನೆ ಇದೆ. ವಂಶವೃಕ್ಷ, ಮರಣ ಪತ್ರ, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಪಹಣಿ ಬದಲಾವಣೆ ಮಾಡಿಸುವಾಗಲೇ ಇದಕ್ಕೂ ಒಂದೊಂದು ಪ್ರತಿ ತೆಗೆದಿಟ್ಟುಕೊಂಡರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ. ನನ್ನನ್ನು ಒಂದು ಕಚೇರಿಯಲ್ಲಿ ನಾಲ್ಕು ಸಲ ಹಿಂದಕ್ಕೆ ಕಳಿಸಿದರು, ಚಾಸಿ ನಂಬರಿನ ಒಂದು ಅಂಕಿ ತುಕ್ಕಿನಲ್ಲಿ ಕಾಣುತ್ತಿಲ್ಲ ಅಂತ. ಕಡೆಗೆ ನಯವಾದ ಉಪ್ಪುಕಾಗದದಲ್ಲಿ ಮೇಲುಮೇಲೆ ಉಜ್ಜಿ, ಸೀಮೆಸುಣ್ಣ ತಿಕ್ಕಿ ತೋರಿಸಿದೆ. ಆ ಜಾಗಕ್ಕೆ ಗ್ರೈಂಡರ್ ಹಿಡಿಯಲು ಯಾರಿಗೂ ಬಿಡಬೇಡಿ. ನಂಬರು ಅಳಿಸಿದರೆ ಗಾಡಿ ನಿಜಕ್ಕೂ ತೂಕದ ಕಬ್ಬಿಣವೇ.

ಪೆಟ್ರೋಲಿನ ವಿಚಾರ ಒಂದು ಹೇಳಲೇಬೇಕು. ಈಗ ಬರುವುದು ನೂರಕ್ಕೆ 20 ಎಥೆನಾಲ್ ಬೆರೆತದ್ದು. ಕಬ್ಬು, ಮೆಕ್ಕೆಜೋಳದಿಂದ ಮಾಡಿದ್ದು, ನಮ್ಮವರ ಬೆಳೆಗೆ ಅದರಿಂದ ಬೇಡಿಕೆ ಬಂದಿದೆ, ಬೇಡ ಅನ್ನಲಾರೆ. ಆದರೆ ಅದು ಗಾಳಿಯ ತೇವ ಹೀರುತ್ತದೆ, ಹಳೇ ಕಾಲದ ರಬ್ಬರನ್ನು ಊದಿಸುತ್ತದೆ, ಬಹಳ ದಿನ ನಿಂತರೆ ತಳದಲ್ಲಿ ನೀರು ಬೇರೆಯಾಗಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ನಾನು ಟ್ಯಾಂಕು ಖಾಲಿ ಮಾಡಿ, ಕಾರ್ಬೊರೇಟರಿನ ಬಟ್ಟಲನ್ನೂ ಒಣಗಿಸಿಬಿಡುತ್ತೇನೆ. ಪೆಟ್ರೋಲ್ ಪೈಪನ್ನು ಈ ಎಥೆನಾಲ್ ತಡೆಯುವ ಜಾತಿಯದೇ ಕೇಳಿ ತನ್ನಿ.

ಇದಕ್ಕಿಂತ ನನಗೆ ಹೆಚ್ಚು ಚಿಂತೆ ಕೊಟ್ಟದ್ದು ಶಿವಾಜಿನಗರದಲ್ಲಿ ಕಂಡದ್ದು. ಜಾವಾ ಕೈಗೆತ್ತಿಕೊಳ್ಳುವ ಮೇಸ್ತ್ರಿಗಳೆಲ್ಲ ಅರವತ್ತು ದಾಟಿದವರು. ಶಬ್ದ ಕೇಳಿಯೇ ಯಾವ ಬೇರಿಂಗು ಅಂತ ಹೇಳುವವರು. ಪಕ್ಕದಲ್ಲಿ ಸ್ಪಾನರು ಕೊಡುವ ಹುಡುಗ ಇಲ್ಲ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ, ಅದು ತಪ್ಪೂ ಅಲ್ಲ. ಗುಜರಿಯ ಎಷ್ಟೋ ಅಂಗಡಿಗಳು ಬಾಡಿಗೆ ತಾಳಲಾರದೆ ಬೇರೆ ವ್ಯಾಪಾರಕ್ಕೆ ತಿರುಗಿವೆ. ಈ ಮೇಸ್ತ್ರಿಗಳ ಹತ್ತಿರ ಇರುವುದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಐ.ಟಿ.ಐ. ಮುಗಿಸಿ ಕಾರ್ಖಾನೆ ಗೇಟಿನ ಮುಂದೆ ನಿಲ್ಲುವ ಹುಡುಗರು ಎಷ್ಟಿಲ್ಲ? ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೆಲಸವಿರುವುದಿಲ್ಲ. ಅಂಥ ಹುಡುಗರು ಆರು ತಿಂಗಳು ಇವರ ಹತ್ತಿರ ಕೂತರೆ, ಕಾರಿನಲ್ಲಿ ಬಂದು ಗಾಡಿ ಕೊಂಡುಹೋಗುವವರೇ ನಾಳೆ ಆ ಗಾಡಿಯ ರಿಪೇರಿಗೆ ನಮ್ಮ ಊರಿಗೆ ಬರಬೇಕಾಗುತ್ತದೆ. ಇದೇ ಕೈ ಹಳೇ ಡೀಸೆಲ್ ಪಂಪ್‌ಸೆಟ್ಟಿಗೂ, ಔಷಧಿ ಹೊಡೆಯುವ ಎಂಜಿನ್ ಪಂಪಿಗೂ, ಕಳೆ ಕತ್ತರಿಸುವ ಯಂತ್ರಕ್ಕೂ ಆಗುತ್ತದೆ. ಆ ಎಂಜಿನ್ ಪಂಪುಗಳಲ್ಲಿ ಎಷ್ಟೋ ಟೂ ಸ್ಟ್ರೋಕೇ ತಾನೆ.

ನಮ್ಮೂರಿನ ಇಬ್ಬರು ಹುಡುಗರು ಈಗ ಭಾನುವಾರ ಭಾನುವಾರ ನಮ್ಮ ಕೊಟ್ಟಿಗೆಗೆ ಬರುತ್ತಿದ್ದಾರೆ. ಪಕ್ಕದ ಊರಿನ ಒಂದು ರೋಡ್‌ಕಿಂಗ್ ಬಿಚ್ಚಿಟ್ಟಿದ್ದೇವೆ. ಕ್ಲಚ್ ತೆಗೆಯುವ ಪುಲ್ಲರ್ ಇಲ್ಲದೆ ಕೆಲಸ ನಿಂತಿದೆ. ಪ್ರತಿ ಸಲ ಹಲಸೂರಿನಿಂದ ಎರವಲು ತಂದು ಸಂಜೆಗೆ ವಾಪಸು ಕೊಡಬೇಕು. ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೇ ಪುಲ್ಲರ್ ಬಿದ್ದಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಬೆಲೆಗೂ ಸರಿ, ಬದಲಿಗೆ ಬಿತ್ತನೆ ರಾಗಿಯಾದರೂ ಸರಿ.